ಕಾಲೇಜು ಶಿಕ್ಷಣದಲ್ಲಿ ಕಿರುಗೋಷ್ಠಿಯ ಸ್ಥಾನ

'ಸೆಮಿನಾರ್' ಎಂಬ ಮಾತು ಇಂದು ನಮ್ಮ ನಾಡಿನ ತಾಲ್ಲೂಕು ಊರುಗಳ ಕಾಲೇಜುಗಳ ಅಂಗಳವನ್ನೂ ಮುಟ್ಟಿದೆ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವುದು ಶಾಮಿಯಾನ, ವೇದಿಕೆ, ದೀಪಸ್ತಂಭ, ಹಾರ ತುರಾಯಿಗಳ ಚಿತ್ರ. ಸ್ವಾಗತಕ್ಕೆ ಅರ್ಧ ತಾಸು, ಉದ್ಘಾಟನೆಗೆ ಎರಡು ತಾಸು, ಸತ್ಕಾರಕ್ಕೆ ಮತ್ತೊಂದು ತಾಸು. ಪ್ರಬಂಧ ಬರೆದುಕೊಂಡು ದೂರದ ಊರಿನಿಂದ ಬಂದವರಿಗೆ ಊಟವಾದ ಮೇಲೆ ಹತ್ತು ಹತ್ತು ನಿಮಿಷ. ಪ್ರಶ್ನೆ ಕೇಳಬಯಸುವವರಿಗೆ ಸಮಯದ ಅಭಾವ. ಈಚೆಗೆ ಈ ಮಾತಿಗೆ ಇನ್ನೊಂದು ಅರ್ಥವೂ ರೂಢಿಯಾಗಿದೆ. ಆಂತರಿಕ ಅಂಕಗಳಿಗಾಗಿ ವಿದ್ಯಾರ್ಥಿಯೊಬ್ಬ ಪರದೆಯ ಮೇಲೆ ಮೂಡುವ ಸಾಲುಗಳನ್ನು ತರಗತಿಗೆ ಬೆನ್ನು ಮಾಡಿ ನಿಂತು ಓದಿ ಮುಗಿಸುತ್ತಾನೆ; ಉಳಿದವರು ತಮ್ಮ ಸರದಿ ಎಂದು ಬಂದೀತೋ ಎಂದು ಎಣಿಸುತ್ತ ಕುಳಿತಿರುತ್ತಾರೆ. ಇವೆರಡೂ ನಾವು ಇಲ್ಲಿ ಹೇಳಹೊರಟಿರುವ ಸೆಮಿನಾರ್ ಅಲ್ಲ. ಎಂಟು ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರೊಡನೆ ಒಂದೇ ಮೇಜಿನ ಸುತ್ತ ಕುಳಿತು, ಎಲ್ಲರೂ ಮುಂಚಿತವಾಗಿ ಓದಿ ಬಂದ ಒಂದು ಗ್ರಂಥಭಾಗವನ್ನು ಪರಸ್ಪರ ಪ್ರಶ್ನೆಯಿಂದ ಬಿಡಿಸಿಕೊಳ್ಳುವ ತರಗತಿಯೇ ನಿಜವಾದ ಸೆಮಿನಾರ್. ಅದನ್ನು ಈ ಲೇಖನದಲ್ಲಿ ಕಿರುಗೋಷ್ಠಿ ಎಂದು ಕರೆಯುತ್ತೇವೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಮಠಗಳೂ ಸಮಾಜದ ಸಂಸ್ಥೆಗಳೂ ನಡೆಸುತ್ತಿರುವ ಹಲವು ಪದವಿ ಕಾಲೇಜುಗಳಲ್ಲಿ ಕಲಾ ವಿಭಾಗ ಕರಗುತ್ತ ಬಂದಿದೆ. ಐಚ್ಛಿಕ ಕನ್ನಡಕ್ಕೆ ಏಳು ಜನ, ಸಂಸ್ಕೃತಕ್ಕೆ ಐವರು, ತತ್ತ್ವಶಾಸ್ತ್ರಕ್ಕೆ ಇಬ್ಬರೋ ಮೂವರೋ ಎಂಬ ಲೆಕ್ಕ ಆಡಳಿತ ಮಂಡಳಿಯ ಸಭೆಯ ಮುಂದೆ ಬಂದಾಗ, 'ಇಷ್ಟು ಮಕ್ಕಳಿಗಾಗಿ ಒಂದು ವಿಭಾಗವೇಕೆ, ಮುಚ್ಚಿಬಿಡೋಣ' ಎಂಬ ಮಾತು ಸಹಜವಾಗಿ ಏಳುತ್ತದೆ. ತಂದೆತಾಯಿಗಳಿಗೂ ಅಂಥ ವಿಭಾಗಕ್ಕೆ ಮಗುವನ್ನು ಸೇರಿಸಲು ಸಂಕೋಚ. ಜನರೇ ಇಲ್ಲದ ತರಗತಿ ಎಂದರೆ ಗಿರಾಕಿಯಿಲ್ಲದ ಅಂಗಡಿಯಂತೆ ಅವರಿಗೆ ತೋರುತ್ತದೆ. ಈ ಏಳು ಜನರ ತರಗತಿಯೇ ನಮ್ಮ ಕೈಗೆ ತಾನಾಗಿ ಬಂದಿರುವ ಒಂದು ಸಂಪತ್ತು, ಅದನ್ನು ಮುಚ್ಚುವ ಮೊದಲು ಅದರಿಂದ ಏನಾಗಬಹುದು ಎಂಬುದನ್ನು ಒಮ್ಮೆ ನೋಡಬೇಕು ಎಂಬುದು ನಮ್ಮ ಅರಿಕೆ.

ಸೆಮಿನಾರ್ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯ 'ಸೆಮಿನಾರಿಯಂ'. ಅದರ ಅರ್ಥ ಸಸಿಮಡಿ. ಮೆಣಸಿನಕಾಯಿಯನ್ನೋ ಭತ್ತವನ್ನೋ ಬೆಳೆದ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಜವನ್ನು ಹೊಲದ ತುಂಬ ಎರಚದೆ, ಮನೆಯ ಹತ್ತಿರದ ಸಣ್ಣ ಪಾತಿಯಲ್ಲಿ ಒತ್ತಾಗಿ ಹಾಕಿ, ದಿನವೂ ಕಣ್ಣಿಟ್ಟು, ಬಲಿತ ಮೇಲೆ ಕಿತ್ತು ಬಯಲಿಗೆ ನೆಡುವ ಕ್ರಮ ಅದು. ಈ ಶಬ್ದ ಮೊದಲು ಬಳಕೆಗೆ ಬಂದದ್ದು ಧರ್ಮಪೀಠದ ಕಡೆಯಿಂದಲೇ ಎಂಬುದು ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಸಂತೋಷದ ಸಂಗತಿ. 1563ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ್ದ ಕ್ರೈಸ್ತ ಧರ್ಮಪರಿಷತ್ತು, ಪಾದ್ರಿಗಳಾಗುವ ಬಾಲಕರನ್ನು ತರಬೇತುಗೊಳಿಸಲು ಅಲ್ಲಲ್ಲಿ ಸೆಮಿನರಿಗಳನ್ನು ತೆರೆಯಬೇಕೆಂದು ವಿಧಿಸಿತು. ಅದೇ ಮಾತನ್ನು ಮುಂದೆ ಜರ್ಮನಿಯ ವಿಶ್ವವಿದ್ಯಾಲಯಗಳು ತಮ್ಮದಾಗಿಸಿಕೊಂಡವು. ಹಾಲೆ ನಗರದಲ್ಲಿ ಎಫ್. ಎ. ವುಲ್ಫ್ ಎಂಬ ಪಂಡಿತರು 1787ರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ವಿದ್ಯೆಗಾಗಿ ಒಂದು ಸೆಮಿನಾರನ್ನು ಆರಂಭಿಸಿದರು. ಮಾಧ್ಯಮಿಕ ಶಾಲೆಗಳಿಗೆ ಒಳ್ಳೆಯ ಅಧ್ಯಾಪಕರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಆರಿಸಿದ ಕೆಲವೇ ವಿದ್ಯಾರ್ಥಿಗಳು ಅಲ್ಲಿ ಪ್ರಬಂಧ ಬರೆದು ತಂದು ಸಹಪಾಠಿಗಳ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿತ್ತು. ಬರ್ಲಿನ್ನಿನಲ್ಲಿ ಇತಿಹಾಸಕಾರ ರಾಂಕೆಯವರು ಇದನ್ನೇ ಇತಿಹಾಸಕ್ಕೆ ತಂದರು. ಕೆಲವೇ ಶಿಷ್ಯರನ್ನು ಕೂಡಿಸಿಕೊಂಡು ಹಳೆಯ ದಾಖಲೆಗಳನ್ನು ಸಾಲು ಸಾಲಾಗಿ ಓದಿಸಿದರು. ಅಲ್ಲಿಂದ ಈ ಪದ್ಧತಿ ಕಡಲು ದಾಟಿ ಅಮೆರಿಕಕ್ಕೆ ಹೋಯಿತು. 1876ರಲ್ಲಿ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅದಕ್ಕೆ ಮನೆಯಾಯಿತು.

ಇಷ್ಟು ದೂರದ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ದೇಶದ ಒಬ್ಬ ವಿದ್ಯಾರ್ಥಿ ಅಂಥದೇ ಒಂದು ಮೇಜಿನ ಮುಂದೆ ಕುಳಿತದ್ದರ ಫಲವನ್ನು ಇಡೀ ಭಾರತ ಇಂದಿಗೂ ಉಣ್ಣುತ್ತಿದೆ ಎಂಬುದೇ ಅದಕ್ಕೆ ಉತ್ತರ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ಡಾ. ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಮಾನವಶಾಸ್ತ್ರದ ಅಧ್ಯಾಪಕ ಗೋಲ್ಡನ್‌ವೈಸರ್ ಅವರು ನಡೆಸುತ್ತಿದ್ದ ಸೆಮಿನಾರಿನಲ್ಲಿ, 1916ರ ಮೇ 9ರಂದು, ಭಾರತದ ಜಾತಿಗಳ ಉತ್ಪತ್ತಿ ಮತ್ತು ಬೆಳವಣಿಗೆಯನ್ನು ಕುರಿತು ಒಂದು ಪ್ರಬಂಧ ಓದಿದರು. ಆಗ ಅವರ ವಯಸ್ಸು ಇಪ್ಪತ್ತೈದು. ಮರುವರ್ಷ, 1917ರಲ್ಲಿ, ಅದು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಜಾತಿಯ ವಿಷಯವಾಗಿ ಯಾರು ಬರೆದರೂ ಇಂದಿಗೂ ಆ ಪ್ರಬಂಧವನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ. ಹುಟ್ಟಿನಲ್ಲಿ ಅದೊಂದು ತರಗತಿಯ ಬರಹವೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಆ ಪ್ರಬಂಧದ ರಚನೆಯನ್ನು ಗಮನಿಸಿ ನೋಡಿದವರಿಗೆ ಕಿರುಗೋಷ್ಠಿಯ ಶಿಸ್ತು ಎಂಥದೆಂಬುದು ತಿಳಿಯುತ್ತದೆ. ತಮ್ಮ ಮತವನ್ನು ಹೇಳುವ ಮೊದಲು ಅಂಬೇಡ್ಕರರು ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಎಂಬ ನಾಲ್ವರು ವಿದ್ವಾಂಸರು ಜಾತಿಗೆ ಕೊಟ್ಟ ಲಕ್ಷಣಗಳನ್ನು ಎತ್ತಿಕೊಳ್ಳುತ್ತಾರೆ. ಒಬ್ಬೊಬ್ಬರಲ್ಲಿ ಯಾವುದು ಮುಖ್ಯ, ಯಾವುದು ಕೊರತೆ ಎಂಬುದನ್ನು ತೂಗುತ್ತಾರೆ. ಅನಂತರವೇ ಜಾತಿಯೊಳಗೇ ಮದುವೆಯಾಗುವ ಕಟ್ಟು ಜಾತಿಯ ಜೀವಾಳ ಎಂಬ ತಮ್ಮ ನಿರ್ಣಯಕ್ಕೆ ಬರುತ್ತಾರೆ. ಕೊನೆಯಲ್ಲಿ, ತಮ್ಮ ವಾದ ನಿಲ್ಲದೆಂದು ಯಾರಾದರೂ ತೋರಿಸಿದರೆ ಅದನ್ನು ಬಿಟ್ಟುಕೊಡಲು ಸಿದ್ಧವೆಂದೂ ಹೇಳುತ್ತಾರೆ. ಎದುರಿಗೆ ಕುಳಿತು ಕೇಳುವವರಿದ್ದಾರೆ, ಅವರು ಸುಮ್ಮನೆ ಬಿಡುವವರಲ್ಲ ಎಂಬ ಅರಿವು ಆ ಬರಹದ ಉದ್ದಕ್ಕೂ ಇದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಗುಣ ಹುಟ್ಟಲಾರದು. ಉತ್ತರಪತ್ರಿಕೆಯನ್ನು ಓದುವವರು ಎದುರಿಗಿರುವುದಿಲ್ಲ, ಬರೆದವನನ್ನು ಮರುಪ್ರಶ್ನೆ ಕೇಳುವುದೂ ಇಲ್ಲ.

ಶಾಸ್ತ್ರಪಾಠ ಬಲ್ಲವರಿಗೆ ಈ ಕ್ರಮ ಹೊಸದೇನಲ್ಲ. ಇದನ್ನು ನಮ್ಮವರು ಪೂರ್ವಪಕ್ಷ ಎಂದು ಕರೆದರು. ಎದುರು ಮತವನ್ನು ಆ ಮತದವನೇ ತಲೆದೂಗುವಂತೆ ಪೂರ್ಣವಾಗಿ ಹೇಳಿದ ಮೇಲೆಯೇ ಖಂಡನೆಗೆ ಅಧಿಕಾರ. ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹ ಓದಿದಾಗ ಗುರುಗಳ ಮುಂದೆ ಇದ್ದವರು ಆರು ಮಂದಿ. ನಿನ್ನೆಯ ಪಾಠವನ್ನು ಇಂದು ಒಬ್ಬ ಒಪ್ಪಿಸಬೇಕು, ಇನ್ನೊಬ್ಬ ಅದರಲ್ಲಿ ದೋಷ ಹುಡುಕಬೇಕು. ದೋಷ ಸಿಗದಿದ್ದರೆ 'ಹುಡುಕಲಿಲ್ಲ' ಎಂದೇ ಅರ್ಥ, 'ಇಲ್ಲ' ಎಂದಲ್ಲ. ಆರು ಮಂದಿಯಲ್ಲಿ ಅಡಗಿ ಕೂರಲು ಜಾಗವೇ ಇರಲಿಲ್ಲ.

ಇನ್ನು ಶರಣರ ವಿಷಯ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ನಮ್ಮ ವೇದಿಕೆಗಳಲ್ಲಿ ಸಾರುವುದು ವಾಡಿಕೆ. ಆ ಹೋಲಿಕೆಯ ಸರಿತಪ್ಪು ಹಾಗಿರಲಿ. ಅಲ್ಲಿ ನಡೆದದ್ದು ಏನೆಂಬುದನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯಲ್ಲಿ ಕಟ್ಟಿಕೊಟ್ಟ ರೀತಿಯನ್ನು ನೋಡಬೇಕು. ಆ ಗ್ರಂಥ ಮೊದಲಿನಿಂದ ಕೊನೆಯವರೆಗೆ ಸಂವಾದ. ಉಡುತಡಿಯಿಂದ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಹಾರ ಹಾಕಿ ಬರಮಾಡಿಕೊಳ್ಳುವುದಿಲ್ಲ. ನಿನ್ನ ಪತಿ ಯಾರು, ಸೀರೆಯನ್ನು ಬಿಟ್ಟವಳು ಕೂದಲನ್ನೇಕೆ ಹೊದ್ದಿರುವೆ ಎಂಬಂಥ ಕಠಿಣ ಪ್ರಶ್ನೆಗಳನ್ನೇ ಮುಂದಿಡುತ್ತಾರೆ. ಆ ತರುಣಿ ತಲೆ ತಗ್ಗಿಸದೆ, ಸಿಟ್ಟಿಗೂ ಏಳದೆ, ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ನೆರೆದ ಹಿರಿಯರು ಕೇಳಿ ಒಪ್ಪುತ್ತಾರೆ. ಪ್ರಶ್ನೆ ಅಲ್ಲಿ ಅವಮಾನವಾಗಲಿಲ್ಲ. ಎದುರಿನವಳು ಉತ್ತರಿಸಬಲ್ಲಳೆಂಬ ಗೌರವವಾಗಿತ್ತು. ಇಂಥ ಪರಂಪರೆಯ ಹೆಸರು ಹೊತ್ತ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಮೂರು ವರ್ಷ ಕಳೆದರೂ ಒಂದು ಪ್ರಶ್ನೆ ಕೇಳದೆ ಪದವಿ ಪಡೆದು ಹೋಗುವ ಮಕ್ಕಳಿದ್ದಾರಲ್ಲ, ಇದು ನಮಗೆ ನೋವಿನ ಸಂಗತಿ.

ಹೀಗಾದುದಕ್ಕೆ ಅಧ್ಯಾಪಕರನ್ನಷ್ಟೇ ದೂರುವುದು ನ್ಯಾಯವಲ್ಲ. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ಅವುಗಳ ಕೆಲಸ. ಪಾಠ ಹೇಳುವವನೊಬ್ಬ, ಅಳೆಯುವವನೊಬ್ಬ ಎಂದಾದ ಮೇಲೆ, ಅಳೆಯುವವನಿಗೆ ಬೇಕಾದುದನ್ನು ಬರೆಸಿಬಿಡುವುದೇ ಜಾಣತನವೆನಿಸಿತು. ನೋಟ್ಸ್ ಹುಟ್ಟಿದ್ದು ಹಾಗೆ. ಸ್ವಾತಂತ್ರ್ಯ ಬಂದ ಮೇಲೆ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರ ತನ್ನ ವರದಿಯಲ್ಲಿ, ಉಪನ್ಯಾಸವೊಂದೇ ಸಾಲದು, ಅದರ ಜೊತೆಗೆ ಸಣ್ಣ ಗುಂಪುಗಳ ಪಾಠ, ಗ್ರಂಥಾಲಯದ ಓದು, ಬರವಣಿಗೆಯ ಅಭ್ಯಾಸ ಇರಬೇಕೆಂದು ಸ್ಪಷ್ಟವಾಗಿ ಶಿಫಾರಸು ಮಾಡಿತು. ಸಂಯೋಜಿತ ಕಾಲೇಜೊಂದರಲ್ಲಿ 1,500ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದೆಂದೂ ಹೇಳಿತು. ಮುಂದೆ 1964-66ರ ಕೊಠಾರಿ ಆಯೋಗವೂ ತರಗತಿಯ ಉಪನ್ಯಾಸದ ಗಂಟೆಗಳನ್ನು ತಗ್ಗಿಸಿ ಸ್ವಂತ ಓದಿಗೂ ಚರ್ಚೆಗೂ ಕಾಲ ಬಿಡಿರೆಂದಿತು. ಮಾತು ವರದಿಗಳಲ್ಲೇ ಉಳಿಯಿತು. ತರಗತಿಗಳು ಬೆಳೆಯುತ್ತಲೇ ಹೋದವು.

ಕಿರುಗೋಷ್ಠಿ ನಡೆದಾಗ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ನಾವು ಕಂಡ ಒಂದು ಉದಾಹರಣೆ ಕೊಡುತ್ತೇವೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಹಲ್ಮಿಡಿ ಶಾಸನದ ವಿಷಯ ನೋಟ್ಸಿನಲ್ಲಿ ಒಂದೇ ಸಾಲು: ಕನ್ನಡದ ಮೊದಲ ಶಾಸನ, ಕ್ರಿ.ಶ. 450. ನಾವು ಕಲಿಸುತ್ತಿದ್ದ ಅಂತಿಮ ವರ್ಷದ ತರಗತಿಯಲ್ಲಿ ಏಳು ಜನರಿದ್ದ ಒಂದು ವರ್ಷ, ಆ ಸಾಲನ್ನು ಬರೆಸುವುದರ ಬದಲು ಶಾಸನದ ಪಾಠದ ಪ್ರತಿಯನ್ನೇ ಎಲ್ಲರಿಗೂ ಕೊಟ್ಟು, ಒಂದು ವಾರ ಓದಿ ಬರಲು ಹೇಳಿದೆವು. ಮೊದಲ ಪ್ರಶ್ನೆ ಬಂದದ್ದು ಮಾತೇ ಆಡದಿದ್ದ ಒಬ್ಬ ಹುಡುಗಿಯಿಂದ. 'ಇದರಲ್ಲಿ ಇಸವಿ ಎಲ್ಲಿದೆ?' ಎಂದಳು. ಇಸವಿ ಅದರಲ್ಲಿ ಇಲ್ಲವೇ ಇಲ್ಲ. ಹಾಗಾದರೆ 450 ಎಂದು ಹೇಳಿದವರು ಯಾರು, ಯಾವ ಆಧಾರದಿಂದ? ಉತ್ತರವನ್ನು ನಾವು ಕೊಡಲಿಲ್ಲ. ಒಬ್ಬ ಲಿಪಿಯ ವಿಚಾರ ಹುಡುಕಿ ತಂದ. ಮತ್ತೊಬ್ಬ ಶಾಸನದಲ್ಲಿ ಬರುವ ಕಾಕುಸ್ಥನೆಂಬ ಹೆಸರನ್ನು ಹಿಡಿದು, ಆತ ಕದಂಬರ ಕಾಕುಸ್ಥವರ್ಮನೇ ಹೌದೋ ಅಲ್ಲವೋ ಎಂದು ವಿದ್ವಾಂಸರಲ್ಲಿ ನಡೆದಿರುವ ವಾದವನ್ನು ಮುಂದಿಟ್ಟ. 1936ರಲ್ಲಿ ಇದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರ ಹೆಸರು ಆ ಮಕ್ಕಳಿಗೆ ಮೊದಲ ಸಲ ಒಬ್ಬ ಮನುಷ್ಯನ ಹೆಸರಾಗಿ ಕೇಳಿಸಿತು. 'ಬಾಳ್ಗಳ್ಚು' ಎಂಬ ಒಂದೇ ಶಬ್ದದ ಮೇಲೆ, ಕತ್ತಿ ತೊಳೆಯುವುದಕ್ಕೂ ವೀರನಿಗೆ ಊರನ್ನು ಉಂಬಳಿ ಕೊಡುವುದಕ್ಕೂ ಏನು ನಂಟು ಎಂಬ ಚರ್ಚೆ ಒಂದು ತಾಸು ನಡೆಯಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ವಾದ ಈಗಲೂ ನಿಂತಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು 370ರದೆಂದು ಹೇಳಿ, ಅದೇ ಹಲ್ಮಿಡಿಗಿಂತ ಹಳೆಯದೆಂಬ ಪಕ್ಷ ಬಂದಿದೆ. ನೋಟ್ಸಿನ ಸಾಲನ್ನು ಕಲಿತವನಿಗೆ ಈ ಸುದ್ದಿ ಬಂದಾಗ ಹಳೆಯ ಇಸವಿಯನ್ನು ಹೊಡೆದು ಹೊಸದನ್ನು ಬರೆದುಕೊಳ್ಳುವುದಷ್ಟೇ ಕೆಲಸ. ಇಸವಿಯನ್ನು ಹೇಗೆ ಕಂಡುಹಿಡಿಯುತ್ತಾರೆಂದು ಅರಿತವರು ಮಾತ್ರ ಹೊಸ ಮತವನ್ನೂ ಪರೀಕ್ಷಿಸಬಲ್ಲರು.

ಆ ಹುಡುಗಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಹಿಂದಿನ ಎರಡು ವರ್ಷ ಎಂಬತ್ತು ಜನರ ಸಾಮಾನ್ಯ ತರಗತಿಯಲ್ಲಿ ಅವಳು ಕೂರುತ್ತಿದ್ದದ್ದು ಗೋಡೆಯ ಪಕ್ಕದ ಬೆಂಚಿನಲ್ಲಿ. ಅಂಥ ತರಗತಿಯಲ್ಲಿ ಮಾತಾಡುವವರು ಪಟ್ಟಣದ ನಾಲ್ಕು ಹುಡುಗರು. ಅಧ್ಯಾಪಕರ ಕಣ್ಣೂ ಅವರ ಕಡೆಗೇ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹಳ್ಳಿಯ ಮಕ್ಕಳಿಗೆ ಮಾತು ಬರುವುದಿಲ್ಲವೆಂದಲ್ಲ. ಎಂಬತ್ತು ಮುಖಗಳ ಎದುರು ಎದ್ದು ನಿಂತು ನಗೆಪಾಟಲಾಗುವ ಭಯ ಅವರ ಗಂಟಲನ್ನು ಹಿಡಿಯುತ್ತದೆ. ಏಳು ಜನರ ಮೇಜಿನಲ್ಲಿ ಎದ್ದು ನಿಲ್ಲಬೇಕಾಗಿಯೇ ಇಲ್ಲ. ಈಗ ಅವಳು ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಳೆ.

ಆದರೆ ತರಗತಿ ಚಿಕ್ಕದಾದ ಮಾತ್ರಕ್ಕೆ ಅದು ಕಿರುಗೋಷ್ಠಿ ಆಗಿಬಿಡುವುದಿಲ್ಲ. ಐದು ಜನರ ಮುಂದೆಯೂ ಕಟ್ಟೆಯ ಮೇಲೆ ನಿಂತು, ಐನೂರು ಜನರಿಗೆ ಕೇಳಿಸುವ ದನಿಯಲ್ಲಿ ನೋಟ್ಸ್ ಬರೆಸುವ ಅಧ್ಯಾಪಕರನ್ನು ನಾವು ಕಂಡಿದ್ದೇವೆ. ಅಲ್ಲಿ ಜನ ಕಡಿಮೆಯಾದದ್ದರಿಂದ ಆದ ಲಾಭ ಸೀಮೆಸುಣ್ಣದ ಧೂಳು ಕುಡಿಯುವವರ ಸಂಖ್ಯೆ ತಗ್ಗಿದ್ದು ಮಾತ್ರ. ಓದದೆ ಬಂದು ಹರಟುವ ತರಗತಿಯೂ ಕಿರುಗೋಷ್ಠಿಯಲ್ಲ. ಮೇಜಿನ ಮೇಲೆ ಒಂದು ಗ್ರಂಥ ಇರಬೇಕು, ಅದನ್ನು ಎಲ್ಲರೂ ಓದಿರಬೇಕು, ಒಬ್ಬರಾದರೂ ಬರೆದು ತಂದಿರಬೇಕು. ಅಧ್ಯಾಪಕರಿಗೆ ಇದು ಉಪನ್ಯಾಸಕ್ಕಿಂತ ಕಷ್ಟದ ಕೆಲಸ. ಉಪನ್ಯಾಸದಲ್ಲಿ ತಾವು ಸಿದ್ಧಮಾಡಿಕೊಂಡದ್ದನ್ನು ಹೇಳಿದರಾಯಿತು, ಇಲ್ಲಿ ಮಕ್ಕಳು ಯಾವ ಕಡೆಯಿಂದ ಬರುತ್ತಾರೋ ತಿಳಿಯದು. ತಾವು ಬಲ್ಲ ಉತ್ತರವನ್ನು ಹೇಳದೆ ತಡೆದುಕೊಳ್ಳುವುದು ಒಂದು ತಪಸ್ಸು. ಉಪನ್ಯಾಸ ಬೇಡವೆಂದು ನಾವು ಹೇಳುವುದಿಲ್ಲ; ಒಂದು ವಿಷಯದ ವಿಸ್ತಾರವನ್ನು ಒಮ್ಮೆಗೇ ಕಾಣಿಸಲು ಒಳ್ಳೆಯ ಉಪನ್ಯಾಸಕ್ಕೆ ಸಮನಾದುದಿಲ್ಲ. ಗಣಿತಕ್ಕೂ ವಿಜ್ಞಾನಕ್ಕೂ ಅವುಗಳದೇ ಕ್ರಮವಿದೆ, ಪ್ರಯೋಗಶಾಲೆ ಇದೆ.

ಇನ್ನು ಖರ್ಚಿನ ಮಾತು. ಏಳು ಜನರಿಗೆ ಒಬ್ಬ ಅಧ್ಯಾಪಕರ ಸಂಬಳ ಹೊರೆಯೆಂಬುದು ಸುಳ್ಳಲ್ಲ. ಆದರೆ ನಮ್ಮ ಸಮಾಜ ವಿದ್ಯೆಗೆ ದುಡ್ಡಿನ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿ 1933ರಿಂದ ನಡೆದಿದೆ. ಅದನ್ನು ನಡೆಸುತ್ತಿರುವ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಸಿರಿವಂತರಲ್ಲ, ಏಳು ಜನ ಶಿಕ್ಷಕರು. ಇಂದಿನ ದಾನಿಗಳು ಕಟ್ಟಡ ಕೊಡುತ್ತಾರೆ, ಮಹಾದ್ವಾರ ಕೊಡುತ್ತಾರೆ, ಹೆಸರು ಕೊರೆದ ಕಲ್ಲನ್ನು ನಿಲ್ಲಿಸುತ್ತಾರೆ. ಬೇಡವೆನ್ನುವುದಿಲ್ಲ. ಅಮೆರಿಕದ ಎಕ್ಸಿಟರ್ ಎಂಬಲ್ಲಿ ಒಂದು ವಸತಿ ಶಾಲೆಯಿದೆ. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಸಿರಿವಂತರು ಅದಕ್ಕೆ ಐವತ್ತೆಂಟು ಲಕ್ಷ ಡಾಲರ್ ದಾನ ಕೊಟ್ಟಾಗ ಹಾಕಿದ ಕರಾರು, ಮಕ್ಕಳು ಸಾಲುಬೆಂಚಿನಲ್ಲಿ ಕೂರದೆ ಅಧ್ಯಾಪಕರೊಡನೆ ಒಂದು ಮೇಜಿನ ಸುತ್ತ ಕುಳಿತು ಕಲಿಯಬೇಕೆಂಬುದು. ಅಂಡಾಕಾರದ ಆ ಮೇಜಿಗೆ ಅವರ ಹೆಸರೇ ನಿಂತಿತು. ನಮ್ಮ ಕಾಲೇಜುಗಳಿಗೆ ಅಷ್ಟು ಹಣ ಬೇಕಾಗಿಲ್ಲ. ಊರಿನ ಬಡಗಿ ಮಾಡಿಕೊಡಬಲ್ಲ ಒಂದು ದೊಡ್ಡ ಮೇಜು, ಹನ್ನೆರಡು ಕುರ್ಚಿ, ಪ್ರತಿಯೊಂದು ಪಠ್ಯದ ಹನ್ನೆರಡು ಪ್ರತಿಗಳು.

ತಂದೆತಾಯಿಗಳಿಗೂ ಒಂದು ಮಾತು. ಇಂದು ಪ್ರಬಂಧ ಬರೆದುಕೊಡುವ ಯಂತ್ರಗಳು ಬಂದಿವೆ. ಮೊಬೈಲಿನಲ್ಲಿ ವಿಷಯ ಹೇಳಿದರೆ ಕ್ಷಣದಲ್ಲಿ ನಾಲ್ಕು ಪುಟ ಸಿದ್ಧ. ಮನೆಯಲ್ಲಿ ಬರೆದು ತಂದ ಬರಹ ಮಗುವಿನದೇ ಎಂದು ತಿಳಿಯಲು ಇನ್ನು ಉಳಿದಿರುವ ದಾರಿ, ಅದರ ಮೇಲೆ ನಾಲ್ಕು ಜನರ ಎದುರು ಅವನನ್ನು ಪ್ರಶ್ನಿಸುವುದು. ಆದುದರಿಂದ ಕಾಲೇಜಿಗೆ ಸೇರಿಸುವಾಗ ಶೇಕಡಾವಾರು ಫಲಿತಾಂಶವನ್ನೂ ಬಸ್ಸಿನ ಸೌಕರ್ಯವನ್ನೂ ಕೇಳುವಂತೆ ಇನ್ನೆರಡನ್ನೂ ಕೇಳಿರಿ: ವಾರದಲ್ಲಿ ಒಂದು ದಿನವಾದರೂ ನನ್ನ ಮಗಳು ಹದಿನೈದು ಜನಕ್ಕಿಂತ ಕಡಿಮೆ ಇರುವ ತರಗತಿಯಲ್ಲಿ ಕೂರುತ್ತಾಳೆಯೇ, ಅವಳು ಬರೆದದ್ದನ್ನು ಓದಿ ಹಿಂದಿರುಗಿಸುವ ಅಧ್ಯಾಪಕರಿದ್ದಾರೆಯೇ?

ಆಡಳಿತ ಮಂಡಳಿಗಳ ಮಹನೀಯರಲ್ಲಿ ನಮ್ಮ ಬೇಡಿಕೆ ಸಣ್ಣದು. ಕನ್ನಡವನ್ನೋ ಸಂಸ್ಕೃತವನ್ನೋ ಮುಚ್ಚುವ ನಿರ್ಣಯಕ್ಕೆ ಸಹಿ ಹಾಕುವ ಮೊದಲು ಎರಡು ವರ್ಷ ಆ ವಿಭಾಗವನ್ನು ಕಿರುಗೋಷ್ಠಿಯಾಗಿ ನಡೆಸಲು ಬಿಡಿ. ವೇಳಾಪಟ್ಟಿಯಲ್ಲಿ ಶನಿವಾರದ ಎರಡು ಗಂಟೆಗಳನ್ನು ಒಟ್ಟಿಗೆ ಕೊಡಿ; ಮುಕ್ಕಾಲು ಗಂಟೆಯ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಗ್ರಂಥಾಲಯದ ಮೂಲೆಯ ಕೋಣೆಯೂ ಸಾಕು. ಪಕ್ಕದ ವಿಭಾಗದ ಅಧ್ಯಾಪಕರೊಬ್ಬರು ಬಂದು ಕುಳಿತರೆ ಇನ್ನೂ ಲೇಸು, ಅವರೂ ಪ್ರಶ್ನೆ ಕೇಳಲಿ.